ಸೋಮವಾರದ ಜ್ವರ

'ನನಗೂ ಬಂದಿದೆ' ಎಂದು ಬರೆದು ಕಳಿಸಿಬಿಟ್ಟ ಮೇಲೆ, ನಿಜವಾಗಿಯೂ ಬಂದಿರಬಹುದೇನೋ ಎಂಬ ಆಸೆಯಿಂದ ಪ್ರೇಮ್‌ಕುಮಾರ್ ಇನ್ನೊಮ್ಮೆ ಮೇಲ್ ತೆರೆದು ನೋಡಿದ. ಬಂದಿರಲಿಲ್ಲ. ಸಾಲ ಕೊಡುತ್ತೇವೆ, ಕೂದಲು ನೆಡುತ್ತೇವೆ ಎನ್ನುವವರ ಪತ್ರಗಳು ಬೀಳುವ ಮೂಲೆಯಲ್ಲೂ ಹುಡುಕಿದ. ಅಲ್ಲೂ ಇರಲಿಲ್ಲ. ಭಾನುವಾರ, ಬೆಳಗಿನ ಏಳೂವರೆ. ಅವನು ಬರೆದು ಹಾಕಿದ್ದ ಮೆಸೇಜು ಗುಂಪಿನ ಹೆಸರು 'ಕ್ರಿಕೆಟ್ ಟೀಮ್'. ಅದರಲ್ಲಿ ಐದು ಜನ, ಐವರಲ್ಲಿ ಒಬ್ಬರೂ ಬ್ಯಾಟು ಹಿಡಿದವರಲ್ಲ. ಮೊದಲು ಕ್ಯಾಪ್ಟನ್ ಶೀಬಾ ತನಗೆ ಬಂದ ಪತ್ರದ ಚಿತ್ರ ಹಾಕಿದ್ದಳು. ಸೋಮವಾರ ಸಾಮೂಹಿಕವಾಗಿ ಕಾಯಿಲೆಯ ನೆಪ ಹೇಳಿ ಹಾರಾಟಕ್ಕೆ ಅಡ್ಡಿ ಮಾಡುವ ಸಂಚಿನಲ್ಲಿ ನೀವು ಭಾಗಿ ಎಂದು ತಿಳಿದುಬಂದಿದೆ, ಮೂರು ದಿನದಲ್ಲಿ ವಿವರಣೆ ಕೊಡಿ, ಅಲ್ಲಿಯವರೆಗೆ ಡ್ಯೂಟಿ ಇಲ್ಲ. ಆಮೇಲೆ ಲಿಖಿತ್ ತನ್ನದನ್ನು ಹಾಕಿದ. ಆಮೇಲೆ ಶ್ವೇತ. ಅದಾದ ಮೇಲೆ ಮೂರು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆ ಮೂರು ನಿಮಿಷವೂ ಮೂವರೂ ತನ್ನನ್ನೇ ನೋಡುತ್ತ ಕೂತಿದ್ದಾರೆ ಅನಿಸಿ ಅವನ ಕುತ್ತಿಗೆ ಬಿಸಿಯಾಯಿತು. ಬೆರಳು ತಾನಾಗಿ ಬರೆಯಿತು: ನನಗೂ ಬಂದಿದೆ. ಕಳಿಸಿದ ಮರುಗಳಿಗೆಗೆ ಲಕ್ಷ್ಮಿಕಾಂತನದು ಬಂತು: 'ನನಗೆ ಬಂದಿಲ್ಲ. ಯಾಕೆ ಅಂತ ಗೊತ್ತಿಲ್ಲ.' ಇಂಥ ಪೆದ್ದನಿರಲು ಸಾಧ್ಯವೇ ಎಂದು ಮೊದಲು ಅನಿಸಿತು. ಇಷ್ಟು ಪೆದ್ದನಂತೆ ಬರೆಯುವವನು ಪೆದ್ದನಾಗಿರಲಾರ ಎಂದು ಆಮೇಲೆ ಅನಿಸಿತು.

ಅವರ ಕಂಪನಿ ದೊಡ್ಡದೇನಲ್ಲ. ರೆಕ್ಕೆಗೆ ಫ್ಯಾನಿರುವ ಎಪ್ಪತ್ತು ಸೀಟಿನ ಕೆಲವೇ ವಿಮಾನಗಳು. ಹುಬ್ಬಳ್ಳಿ, ಬೀದರ್, ಕಲಬುರಗಿ, ಇತ್ತ ಸೇಲಂ, ಕಡಪ. ನಲವತ್ತೊಂದು ಮಂದಿ ಪೈಲಟ್‌ಗಳು. ಕೆಟ್ಟ ವರ್ಷಗಳಲ್ಲಿ ಸಂಬಳ ಕಡಿದಾಗ 'ಎಲ್ಲ ಸರಿಹೋಗಲಿ, ವಾಪಸ್ ಕೊಡ್ತೀವಿ' ಎಂದಿದ್ದರು. ಎಲ್ಲ ಸರಿಹೋಗಿ, ಸೀಟುಗಳು ತುಂಬಿ, ಹೊಸ ವಿಮಾನವೂ ಬಂದು ನಿಂತ ಮೇಲೆ ಆ ಮಾತನ್ನು ಮರೆತರು. ಹಾರಿದರೂ ಹಾರದಿದ್ದರೂ ತಿಂಗಳಿಗೆ ಎಪ್ಪತ್ತು ಗಂಟೆಯ ಸಂಬಳ ಎಂದಿದ್ದದ್ದು ನಲವತ್ತಕ್ಕೇ ನಿಂತುಕೊಂಡಿತು. ವಿಶ್ರಾಂತಿಯ ಗಂಟೆಗಳೂ ಹಾಗೇ ಕರಗುತ್ತ ಬಂದವು. ಶೀಬಾ ಸಂಘ ಕಟ್ಟಿದಳು. ಅಂಥದ್ದೊಂದು ಸಂಘ ಇದೆಯೆಂಬುದು ತನಗೆ ಗೊತ್ತೇ ಇಲ್ಲ ಎಂಬಂತೆ ಕಂಪನಿ ನಡೆದುಕೊಂಡಿತು. ಮುಷ್ಕರ ಎಂಬ ಮಾತನ್ನು ಬಾಯಿಬಿಟ್ಟು ಆಡುವಂತಿಲ್ಲ. ಆದ್ದರಿಂದ ಪೈಲಟ್‌ಗಳು ಮುಷ್ಕರ ಹೂಡುವುದಿಲ್ಲ, ಅವರಿಗೆ ಜ್ವರ ಬರುತ್ತದೆ. ಈ ಸಲ ಜ್ವರ ಸೋಮವಾರ ಬೆಳಿಗ್ಗೆ ಬರಬೇಕೆಂದು ಬುಧವಾರ ಶೀಬಾಳ ಮನೆಯಲ್ಲಿ ಕೂತು ಈ ಐವರು ನಿಶ್ಚಯಿಸಿದ್ದರು. ಮಿಕ್ಕವರಿಗೆ ಭಾನುವಾರ ಸಂಜೆ ತಿಳಿಸುವುದು ಎಂದಾಗಿತ್ತು. ಅಂದರೆ ಹೇಳಿದವನು ಈ ಐವರಲ್ಲೇ ಇದ್ದಾನೆ. ಪತ್ರ ಬಂದ ಮೂವರನ್ನು ಬಿಟ್ಟರೆ ಇಬ್ಬರು. ಆ ಇಬ್ಬರಲ್ಲಿ ತಾನಲ್ಲ ಎಂಬುದು ಪ್ರೇಮ್‌ಕುಮಾರ್‌ಗೆ ಖಂಡಿತವಾಗಿ ಗೊತ್ತಿತ್ತು.

ಕಿಟಕಿಯಿಂದ ಬಗ್ಗಿ ನೋಡಿದರೆ ನಾಲ್ಕನೇ ನಂಬರಿನ ಬಾಗಿಲು ಕಾಣುತ್ತದೆ. ಕೃಷ್ಣರಾಜಪುರದ ಈ ಜಾಗದಲ್ಲಿ ಅವನ ಅಪ್ಪ ಮುನಿಶಾಮಿ ರಾಗಿ ಬೆಳೆಯುತ್ತಿದ್ದದ್ದು ಪ್ರೇಮ್‌ಕುಮಾರ್‌ಗೆ ಅಷ್ಟಿಷ್ಟು ನೆನಪಿದೆ. ಈಗ ಕೆಳಗೆ ಎಂಟು ಬಾಡಿಗೆ ರೂಮು, ಮೇಲೆ ತಾವು. ನಾಲ್ಕನೇ ರೂಮಿನಲ್ಲಿ ಯಾದಗಿರಿ ಕಡೆಯ ನಿಂಗಣ್ಣ, ಅವನ ಹೆಂಡತಿ ಅಯ್ಯಮ್ಮ, ಮಗ ಲಕ್ಷ್ಮಿಕಾಂತ. ಈ ಮನೆಯ ಗೋಡೆಗೆ ಇಟ್ಟಿಗೆ ಇಟ್ಟವನು ನಿಂಗಣ್ಣನೇ. ಕೆಲಸ ಮುಗಿದ ಮೇಲೆ ಇಲ್ಲೇ ಒಂದು ರೂಮು ಕೇಳಿ ಉಳಿದುಕೊಂಡ. ಮಗ ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ವಿಮಾನ ಕಲಿತ. ಪ್ರೇಮ್‌ಕುಮಾರ್ ಕಲಿತದ್ದು ಮಾರತ್ತಹಳ್ಳಿಯ ಕಡೆ ಇದ್ದ ಕೊನೆಯ ತುಂಡು ಜಮೀನು ಮಾರಿ. ಬಿಳಿ ಅಂಗಿ ತೊಟ್ಟು ಲಕ್ಷ್ಮಿಕಾಂತ ಮೊದಲ ದಿನ ನಾಲ್ಕನೇ ರೂಮಿನಿಂದ ಹೊರಗೆ ಬಂದಾಗ ಮುನಿಶಾಮಿ ಮೆಟ್ಟಿಲ ಮೇಲೆ ನಿಂತು, "ಅಂಗಾದ್ರೆ ನೀನೂ ಅವ್ನೂ ಒಂದೇ ಕೆಲ್ಸಾನೇನ್ಲಾ?" ಎಂದು ಕೇಳಿದ್ದ. ಕೆಟ್ಟ ಮನಸ್ಸಿನಿಂದಲ್ಲ, ತಿಳಿದುಕೊಳ್ಳುವ ಕುತೂಹಲದಿಂದ. ಆ ಮಾತು ಆರು ವರ್ಷವಾದರೂ ಪ್ರೇಮ್‌ಕುಮಾರನ ಗಂಟಲಲ್ಲೇ ಇದೆ. ಇಬ್ಬರೂ ಫಸ್ಟ್ ಆಫೀಸರ್‌ಗಳು, ಅಂದರೆ ಬಲಗಡೆಯ ಸೀಟಿನವರು. ಎಡಗಡೆಯ ಸೀಟಿಗೆ, ಕ್ಯಾಪ್ಟನ್ ಆಗಲು, ಪ್ರೇಮ್‌ಕುಮಾರ್ ಹೋದ ವರ್ಷ ಪರೀಕ್ಷೆ ಕೊಟ್ಟು ಬಿದ್ದಿದ್ದ. 'ಕೈ ಚೆನ್ನಾಗಿದೆ, ಆದರೆ ತಪ್ಪಾದಾಗ ನೀನು ಮೊದಲು ಪಕ್ಕದವನ ಮುಖ ನೋಡ್ತೀಯ' ಎಂದಿದ್ದರು ಪರೀಕ್ಷೆ ತೆಗೆದುಕೊಂಡವರು. ಬರುವ ತಿಂಗಳು ಲಕ್ಷ್ಮಿಕಾಂತನ ಸರದಿ. ಹೀಗಿರುವಾಗ ಅವನಿಗೆ ಪತ್ರ ಬಂದಿಲ್ಲ ಎಂದರೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಳಗಿಳಿದಾಗ ಅಪ್ಪ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ. "ಅಪ್ಪಾ, ಲಕ್ಷ್ಮಿಕಾಂತನ್ನ ನೋಡೋಕೆ ಯಾರಾದ್ರೂ ಬಂದಿದ್ರಾ?"

"ನಿನ್ನೆ ಯಾವ್ದೋ ಕಾರು ಬಂದು ನಿಂತಿತ್ತು."

"ಕಂಪ್ನಿ ಕಾರಾ?"

"ಬಿಳೀ ಕಾರು ಕಣ್ಲಾ. ಈಗ ಎಲ್ಲಾ ಕಾರೂ ಬಿಳೀವೇ ಅಲ್ವಾ? ಯಾಕೆ, ಏನಾಯ್ತು?"

"ಏನಿಲ್ಲ" ಎಂದು ಪ್ರೇಮ್‌ಕುಮಾರ್ ಹೊರಟ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತು, ಬಸ್ಸುಗಳ ಹಾರನ್ನಿನ ನಡುವೆ, ಶೀಬಾಳಿಗೆ ಬೇರೆಯಾಗಿ ಒಂದು ಮೆಸೇಜು ಹಾಕಿದ: 'ನಿನ್ನೆ ಲಕ್ಷ್ಮಿಕಾಂತನ ಮನೆಗೆ ಕಂಪನಿ ಕಾರು ಬಂದಿತ್ತಂತೆ. ನಮ್ಮಪ್ಪ ನೋಡಿದಾರೆ. ಯಾರಿಗೂ ಹೇಳ್ಬೇಡಿ.' ಕಳಿಸಿ ಮೆಟ್ಟಿಲು ಹತ್ತಿದ. ಸುಳ್ಳು ಎಂದು ಅನಿಸಲಿಲ್ಲ. ಬಿಳೀ ಕಾರು ಬಂದದ್ದು ನಿಜ, ಕಂಪನಿಯ ಕಾರುಗಳು ಬಿಳಿಯವೇ, ಮತ್ತೆ ಲಕ್ಷ್ಮಿಕಾಂತನ ಮನೆಗೆ ಕಾರಿನಲ್ಲಿ ಬರುವ ನೆಂಟರು ಯಾರಿದ್ದಾರೆ?

ಅವನು ಹೊರಟದ್ದು ಜ್ವರದ ಸರ್ಟಿಫಿಕೇಟಿಗೆ. ಸಂಚು ಬಯಲಾದ ಮೇಲೆ ಸರ್ಟಿಫಿಕೇಟು ತೆಗೆದುಕೊಂಡು ಮಾಡುವುದೇನು ಎಂದು ಮನಸ್ಸು ಕೇಳಿತು. ತೆಗೆದುಕೊಳ್ಳದಿದ್ದರೆ 'ಇವನೊಬ್ಬ ಯಾಕೆ ಹೋಗಲಿಲ್ಲ?' ಎಂದು ಯಾರಾದರೂ ಕೇಳುತ್ತಾರೆ ಎಂದು ಅದೇ ಮನಸ್ಸು ಉತ್ತರ ಕೊಟ್ಟಿತು. ಎಲ್ಲರೂ ಒಬ್ಬನೇ ಡಾಕ್ಟರ ಹತ್ತಿರ ಹೋಗಬಾರದು, ಒಬ್ಬೊಬ್ಬರು ಒಂದೊಂದು ಕಡೆ ಎಂದು ಶೀಬಾ ಹೇಳಿದ್ದಳು. ಅವನ ಪಾಲಿಗೆ ಬಂದದ್ದು ಶಿವಾಜಿನಗರ. ಎಂ.ಜಿ. ರಸ್ತೆಯಲ್ಲಿ ಇಳಿದು ಆಟೋ ಹಿಡಿದ. ರಸೆಲ್ ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ, ಹೊಲಿಗೆ ಯಂತ್ರ ರಿಪೇರಿಯ ಅಂಗಡಿಯ ಮೇಲೆ, ಡಾಕ್ಟರ್ ಉಮ್ಮೆ ಕುಲ್ಸುಂ ಅವರ ಕ್ಲಿನಿಕ್ಕು. ಅರವತ್ತು ದಾಟಿದ ಹೆಂಗಸು. ಕನ್ನಡಕದ ಮೇಲಿನಿಂದ ನೋಡಿದರು. ಹೇಳಿದ್ದನ್ನು ಬರೆದುಕೊಡುತ್ತಾರೆ ಎಂದು ಅವನು ನಂಬಿಕೊಂಡು ಬಂದಿದ್ದರೆ, ಅವರು ನಾಲಿಗೆ ಕೆಳಗೆ ಥರ್ಮಾಮೀಟರ್ ಇಟ್ಟರು. "ಜ್ವರ ಇಲ್ವಲ್ರೀ" ಎಂದರು. "ಒಳಗೆ ಇದೆ ಮೇಡಂ, ಮೈಕೈ ನೋವು" ಎಂದ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಒಮ್ಮೆ ನೋಡಿದರು, ಗಾಳಿ ಬಿಟ್ಟು ಇನ್ನೊಮ್ಮೆ ತುಂಬಿದರು. "ಬಿ.ಪಿ. ನೂರ ಅರವತ್ತಕ್ಕೆ ನೂರು. ಏನ್ ಕೆಲ್ಸ ಮಾಡ್ತೀರಿ?" ಪ್ರೇಮ್‌ಕುಮಾರ್ ಅಂಗಿಯ ತೋಳನ್ನು ಕೆಳಗೆಳೆದುಕೊಂಡ. ಈ ಸಂಖ್ಯೆ ಒಂದು ಕಾಗದದ ಮೇಲೆ ಬಿದ್ದರೆ, ಆ ಕಾಗದ ವರ್ಷದ ಮೆಡಿಕಲ್ ಮಾಡುವವರ ಕೈಗೆ ಸಿಕ್ಕರೆ, ಮುಗಿಯಿತು, ಹಾರಲು ಬಿಡದೆ ನೆಲದ ಮೇಲೆ ಕೂರಿಸುತ್ತಾರೆ. ಇಲ್ಲದ ಜ್ವರ ಇದೆ ಎಂದು ಹೇಳಿಕೊಳ್ಳಲು ಬಂದವನಿಗೆ ಇರುವ ಕಾಯಿಲೆ ಸಿಕ್ಕಿತ್ತು.

"ಮೇಡಂ, ಅದನ್ನ ಬರೀಬೇಡಿ. ಜ್ವರ ಅಂತ ಮಾತ್ರ ಬರೀರಿ."

"ಇಲ್ಲದ್ದನ್ನ ಬರೀ ಅಂತೀರಿ, ಇರೋದನ್ನ ಬೇಡ ಅಂತೀರಿ. ನಾನು ಇಲ್ಲಿ ಯಾಕೆ ಕೂತಿದೀನಿ ಹಾಗಾದ್ರೆ?" ಎಂದು ಅವರು ಪೆನ್ನು ಕೆಳಗಿಟ್ಟರು. ಸಿಟ್ಟಿನಿಂದಲ್ಲ; ಬೇಸರದಿಂದ. ಬಾಗಿಲ ಹೊರಗೆ ಸರದಿಯಲ್ಲಿ ಕೂತಿದ್ದ ಹೆಂಗಸರು ಕೇಳಿಸಿಕೊಂಡರು ಎಂದು ಅವನಿಗೆ ಗೊತ್ತಾಯಿತು. ಫೀಸು ಕೊಟ್ಟು, ಬರಿಗೈಯಲ್ಲಿ, ತಲೆ ತಗ್ಗಿಸಿ ಮೆಟ್ಟಿಲಿಳಿದ. ಆ ಹೆಂಗಸರಲ್ಲಿ ಒಬ್ಬಳು ನಕ್ಕಳು. ತನಗಲ್ಲದೆ ಇನ್ಯಾರಿಗೆ ನಗುತ್ತಾಳೆ?

ಮಾರುಕಟ್ಟೆಯ ಬಾಯಲ್ಲಿ, ಪುದೀನ ಕಟ್ಟುಗಳನ್ನು ರಾಶಿ ಹಾಕಿಕೊಂಡವರ ಎದುರಿಗೆ, ಯಾರೋ ಅವನ ಭುಜ ಮುಟ್ಟಿದರು. ಅರ್ಸಲಾನ್. ಕಂಪನಿಯ ವಿಮಾನ ನಿಲ್ದಾಣದ ಆಫೀಸಿನಲ್ಲಿ ಕೂತು ವಿಮಾನದ ತೂಕ, ಎಣ್ಣೆ, ಹವೆಯ ಲೆಕ್ಕ ಹಾಕಿಕೊಡುವವನು. ಒಂದು ಕೈಯಲ್ಲಿ ಕೋಳಿಮಾಂಸದ ಚೀಲ. ಇವನು ಇಲ್ಲಿ ಯಾಕೆ ಎಂದು ಪ್ರೇಮ್‌ಕುಮಾರನಿಗೆ ಅನುಮಾನವಾಯಿತು. ಇವನ ಮನೆ ಇಲ್ಲೇ ಎಂಬುದು ಆಮೇಲೆ ನೆನಪಾಯಿತು. "ಬನ್ನಿ ಸಾಬ್, ಚಾಯ್ ಕುಡಿಯೋಣ" ಎಂದು ಅರ್ಸಲಾನ್ ಅವನನ್ನು ಒಂದು ಹೋಟೆಲಿನೊಳಕ್ಕೆ ಎಳೆದುಕೊಂಡು ಹೋದ. ಎರಡು ಚಹಾ ಹೇಳಿದ. ಬಂದ ಮೇಲೆ ತಗ್ಗಿದ ದನಿಯಲ್ಲಿ, "ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ ಸಾಬ್, ನನ್ನ ನೌಕರಿ ಹೋಗುತ್ತೆ. ಗುರುವಾರ ಹುಬ್ಬಳ್ಳಿಯಿಂದ ಬರೋವಾಗ ನಿಮ್ಮ ಮೈಕು ಒತ್ಕೊಂಡೇ ಇತ್ತು" ಎಂದ.

ಪ್ರೇಮ್‌ಕುಮಾರನಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾದದ್ದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವರ ವಿಮಾನದಲ್ಲಿ ಫ್ಯಾನುಗಳ ಸದ್ದಿಗೆ ಪಕ್ಕದಲ್ಲಿ ಕೂತವನ ಮಾತೂ ಕೇಳುವುದಿಲ್ಲ, ಇಬ್ಬರೂ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲೇ ಮಾತಾಡಬೇಕು. ವಿಮಾನ ನಡೆಸುವ ಹಿಡಿಯ ಮೇಲೆ ಹೆಬ್ಬೆರಳಿಗೆ ಸಿಗುವಂತೆ ಒಂದು ಗುಂಡಿ: ಒಂದು ಕಡೆಗೆ ಒತ್ತಿದರೆ ಮಾತು ಪಕ್ಕದವನ ಕಿವಿಗೆ ಮಾತ್ರ, ಇನ್ನೊಂದು ಕಡೆಗೆ ಒತ್ತಿದರೆ ರೇಡಿಯೋದಲ್ಲಿ ಹೊರಗೂ. ಇಳಿಯುವ ಮೊದಲು ಕಂಪನಿಯ ಚಾನೆಲ್ಲಿಗೆ ತಿರುಗಿಸಿ, ಎಷ್ಟು ಹೊತ್ತಿಗೆ ಬರುತ್ತೇವೆ, ಗಾಲಿಕುರ್ಚಿ ಎಷ್ಟು ಬೇಕು ಎಂದು ಹೇಳುವುದು ಬಲಗಡೆಯವನ ಕೆಲಸ. ಗುರುವಾರ ಅವನು ಎರಡು ಗಾಲಿಕುರ್ಚಿ ಎಂದು ಹೇಳಿದ್ದ. ಆಮೇಲೆ ಕ್ಯಾಪ್ಟನ್ ಓವೈಸ್ ಕಡೆಗೆ ತಿರುಗಿ, ಬುಧವಾರದ ಐವರಲ್ಲಿ ಓವೈಸ್ ಇರಲಿಲ್ಲವೆಂದು, ಎಲ್ಲವನ್ನೂ ವಿವರವಾಗಿ ಹೇಳಿದ್ದ. ಮಿಕ್ಕವರಿಗೆ ಭಾನುವಾರದವರೆಗೆ ಹೇಳುವಂತಿಲ್ಲ ಎಂಬುದು ಗೊತ್ತಿದ್ದೂ ಹೇಳಿದ್ದ; ತನಗೆ ಮೊದಲೇ ಗೊತ್ತಿದೆ ಎಂದು ಒಬ್ಬ ಕ್ಯಾಪ್ಟನ್ನಿಗೆ ತೋರಿಸುವ ಸುಖವನ್ನು ಬಿಡಲಾಗಿರಲಿಲ್ಲ. ಹೆಬ್ಬೆರಳನ್ನು ಯಾವ ಕಡೆಗೆ ಒತ್ತಿದ್ದ? ಹೋಟೆಲಿನ ಮೇಜಿನ ಕೆಳಗೆ ಅವನ ಹೆಬ್ಬೆರಳು ಒತ್ತಿ ನೋಡಿತು, ನೆನಪು ಮಾಡಿಕೊಳ್ಳಲು.

"ನಾಕು ನಿಮಿಷ ಸಾಬ್. ನೀವು ಒತ್ಕೊಂಡಿರೋವಾಗ ನಾವು ಕೂಗಿದ್ರೂ ನಿಮಗೆ ಕೇಳಲ್ಲ. ನಾನು ಕೂಗ್ದೆ. ಮ್ಯಾನೇಜರ್ ಅಲ್ಲೇ ನಿಂತಿದ್ರು. ಸುಮ್ನಿರು ಅಂತ ನನಗೆ ಸನ್ನೆ ಮಾಡಿ, ಒಂದು ಕಾಗದ ತಗೊಂಡು ಬರ್ಕೊಂಡ್ರು. ಶೀಬಾ ಮೇಡಂ, ಲಿಖಿತ್, ಶ್ವೇತ. ಮತ್ಯಾರು ಅಂತ ಓವೈಸ್ ಸಾಬ್ ಕೇಳಿರ್ಬೇಕು, ಮತ್ಯಾರೂ ಇಲ್ಲ ನಾವೇ ಅಂದ್ರಿ."

"ನಾನು ಅಂತ ಅವರಿಗೆ ಗೊತ್ತಾಗಿಲ್ಲ, ಅಲ್ವಾ? ಅದಕ್ಕೇ ನನಗೆ ಲೆಟರ್ ಬಂದಿಲ್ಲ."

ಅರ್ಸಲಾನ್ ಅವನ ಮುಖವನ್ನು ಮರುಕದಿಂದ ನೋಡಿದ. "ಯಾವ ಫ್ಲೈಟು, ಯಾರು ಕೂತಿದಾರೆ ಅಂತ ಗೊತ್ತಿರಲ್ವಾ ಸಾಬ್? ಇವನನ್ನ ಮುಟ್ಟೋದು ಬೇಡ, ಮುಂದೂ ಉಪಯೋಗಕ್ಕೆ ಬರ್ತಾನೆ ಅಂದ್ರು. ನಕ್ರು ಕೂಡ." ಮಾಂಸದ ಚೀಲ ಕೈಗೆತ್ತಿಕೊಂಡು, "ನೀವು ಬೇಕು ಅಂತ ಮಾಡಿಲ್ಲ, ನನಗೆ ಗೊತ್ತು. ಹೋಗಿ ಹೇಳ್ಬಿಡಿ ಅವರಿಗೆ. ತಪ್ಪು ಎಲ್ಲರ ಕೈಯಲ್ಲೂ ಆಗುತ್ತೆ" ಎಂದು ಎದ್ದು, ಚಹಾದ ದುಡ್ಡನ್ನು ತಾನೇ ಕೊಟ್ಟು ಹೋದ.

ಮಧ್ಯಾಹ್ನದವರೆಗೆ ಮಾರುಕಟ್ಟೆಯ ಸುತ್ತಲೇ ಅಲೆದು, ಅಲ್ಲಿಂದ ಹಲಸೂರಿನವರೆಗೆ ಪ್ರೇಮ್‌ಕುಮಾರ್ ನಡೆದುಕೊಂಡೇ ಹೋದ. ಮೂರು ಗಂಟೆಗೆ ಶೀಬಾಳ ಮನೆಯಲ್ಲಿ ಎಲ್ಲರೂ ಸೇರಬೇಕೆಂದು ಮೆಸೇಜು ಬಂದಿತ್ತು. ಹೇಳಿಬಿಡುತ್ತೇನೆ ಎಂದು ಕಾಮರಾಜ ರಸ್ತೆ ದಾಟುವಾಗ ನಿರ್ಧರಿಸಿದ. ಅರ್ಸಲಾನ್ ಹೇಳಿದ್ದು ಸುಳ್ಳಿರಬಹುದು, ಕಂಪನಿಯೇ ಅವನನ್ನು ಕಳಿಸಿರಬಹುದು ಎಂದು ಸ್ವಲ್ಪ ಮುಂದೆ ಹೋದ ಮೇಲೆ ಅನಿಸಿತು. ಭಾನುವಾರ ಬೆಳಿಗ್ಗೆ ಸರಿಯಾಗಿ ತಾನು ಮೆಟ್ಟಿಲಿಳಿಯುವ ಹೊತ್ತಿಗೆ ಅವನು ಹೇಗೆ ಎದುರಾದ? ಆದರೆ ತಾನು ಹೇಳಿದ 'ಮತ್ಯಾರೂ ಇಲ್ಲ' ಎಂಬ ಮಾತು ಅರ್ಸಲಾನ್‌ಗೆ ಗೊತ್ತಿರಬೇಕಾದರೆ ಅವನು ಕೇಳಿಸಿಕೊಂಡಿರಲೇಬೇಕು. ಮತ್ಯಾರೂ ಇಲ್ಲ. ಲಕ್ಷ್ಮಿಕಾಂತನ ಹೆಸರನ್ನು ತಾನು ಯಾಕೆ ಹೇಳಲಿಲ್ಲ? ಅವನನ್ನು ಕಾಪಾಡಲು ಎಂದು ಒಂದು ಕ್ಷಣ ಸಮಾಧಾನ ಮಾಡಿಕೊಳ್ಳಲು ನೋಡಿದ. ಅದು ಸುಳ್ಳು. ಹೆಸರು ಹೊಳೆದೇ ಇರಲಿಲ್ಲ. ಬುಧವಾರ ಬಾಗಿಲ ಹತ್ತಿರದ ಬೆತ್ತದ ಸ್ಟೂಲಿನ ಮೇಲೆ ಕೂತಿದ್ದ ಲಕ್ಷ್ಮಿಕಾಂತ ಒಂದೇ ಸಲ ಬಾಯಿಬಿಟ್ಟಿದ್ದ: ಬೀದರಿನ ಬೆಳಗಿನ ವಿಮಾನ ಒಂದನ್ನು ಬಿಟ್ಟುಬಿಡೋಣ, ಅದರಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ರೋಗಿಗಳಿರುತ್ತಾರೆ. ಎಲ್ಲರೂ ಹೌದೆಂದಿದ್ದರು. ಗುರುವಾರ ಓವೈಸ್‌ಗೆ ಹೇಳುವಾಗ ಪ್ರೇಮ್‌ಕುಮಾರ್ 'ಬೀದರ್ ಬಿಟ್ಟುಬಿಡೋಣ ಅಂತ ನಾನು ಹೇಳ್ದೆ' ಎಂದಿದ್ದ. ಅದೂ ರೇಡಿಯೋದಲ್ಲಿ ಹೋಗಿದೆ. ನೆನೆದುಕೊಂಡು ರಸ್ತೆಯ ನಡುವೆಯೇ ಅವನಿಗೆ ನಾಚಿಕೆಯಾಯಿತು. ಒಬ್ಬ ಬೈಕಿನವನು ಬೈದುಕೊಂಡು ಹೋದ.

ಶೀಬಾಳ ಮನೆ ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ, ಎರಡನೇ ಮಹಡಿ. ನಲವತ್ತೈದರ ಹೆಂಗಸು, ತಾಯಿಯ ಜೊತೆ ತಮಿಳು, ಮಿಕ್ಕವರ ಜೊತೆ ಕೈಗೆ ಸಿಕ್ಕ ಭಾಷೆ. ಪ್ರೇಮ್‌ಕುಮಾರ್ ಹೋದಾಗ ಲಿಖಿತ್, ಶ್ವೇತ ಇಬ್ಬರೂ ಸೋಫಾದಲ್ಲಿ ಕೂತಿದ್ದರು. ಲಕ್ಷ್ಮಿಕಾಂತ ಅದೇ ಬಾಗಿಲ ಹತ್ತಿರದ ಬೆತ್ತದ ಸ್ಟೂಲಿನ ಮೇಲೆ. ಅವನ ಮುಂದೆ ಮಾತ್ರ ಕಾಫಿಯ ಲೋಟ ಇರಲಿಲ್ಲ, ಕೊಡಲಿಲ್ಲವೋ, ಬೇಡವೆಂದನೋ. ಹೇಳಬೇಕಾದ ಮಾತನ್ನು ಪ್ರೇಮ್‌ಕುಮಾರ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಶೀಬಾ ಕೈಯೆತ್ತಿ, "ಪ್ರೇಮ್, ಕೂತ್ಕೋ. ನಾನು ಮೊದ್ಲು ಹೇಳ್ತೀನಿ" ಎಂದಳು. ಅವನು ಕೂತ.

"ನಾಳೆ ಯಾರೂ ಸಿಕ್ ಅಂತ ಹೇಳೋದು ಬೇಡ. ಅವರು ಕಾಯ್ಕೊಂಡು ಕೂತಿದಾರೆ, ಹೇಳಿದವರ ಮನೆಗೆ ಡಾಕ್ಟರನ್ನ ಕಳಿಸ್ತಾರಂತೆ. ನಾವು ಲಾಯರ್ ಹತ್ರ ಹೋಗೋಣ. ಆದ್ರೆ ಅದಕ್ಕೆ ಮುಂಚೆ ಒಂದು ಮಾತು ಗೊತ್ತಾಗ್ಬೇಕು ನನಗೆ." ಅವಳು ಲಕ್ಷ್ಮಿಕಾಂತನ ಕಡೆ ನೇರವಾಗಿ ನೋಡಿದಳು. "ನಿನ್ನೆ ನಿನ್ನ ಮನೆಗೆ ಕಂಪ್ನಿ ಕಾರು ಬಂದಿತ್ತಾ?"

ಲಕ್ಷ್ಮಿಕಾಂತನ ಮುಖದಲ್ಲಿ ಮೊದಲು ಬಂದದ್ದು ಗಾಬರಿಯಲ್ಲ, ಗೊಂದಲ. "ಕಾರಾ? ನಮ್ಮ ಚಿಕ್ಕಪ್ಪನ ಮಗ ಟ್ಯಾಕ್ಸಿ ಓಡಿಸ್ತಾನೆ ಮೇಡಂ. ಅವ್ವನ್ನ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಬಂದಿದ್ದ."

"ಚಿಕ್ಕಪ್ಪನ ಮಗ" ಎಂದು ಲಿಖಿತ್ ನಕ್ಕ. "ಬರೋ ತಿಂಗ್ಳು ಕಮಾಂಡ್ ಟೆಸ್ಟಂತಲ್ಲ ಗುರು, ಆಲ್ ದಿ ಬೆಸ್ಟ್." ಶೀಬಾ ತನ್ನ ಲೋಟ ಕೆಳಗಿಟ್ಟಳು. "ನಮ್ಗೆಲ್ಲ ಲೆಟರ್ ಬಂತು. ಪ್ರೇಮ್‌ಗೂ ಬಂತು. ನಿನಗೊಬ್ಬನಿಗೆ ಬರ್ಲಿಲ್ಲ. ನಾವು ಏನಂತ ತಿಳ್ಕೋಬೇಕು, ನೀನೇ ಹೇಳು" ಎಂದಳು.

ಈಗ ಎಂದು ಪ್ರೇಮ್‌ಕುಮಾರ್ ಅಂದುಕೊಂಡ. ಈಗ ಹೇಳಬೇಕು. ಕೂತಲ್ಲೇ ಮುಂದಕ್ಕೆ ಸರಿದ. ಲಕ್ಷ್ಮಿಕಾಂತ ಕಣ್ಣೆತ್ತಿ ಒಬ್ಬೊಬ್ಬರನ್ನೇ ನೋಡುತ್ತ ಬಂದ. ಪ್ರೇಮ್‌ಕುಮಾರನ ಮೇಲೆ ಅವನ ನೋಟ ಮಿಕ್ಕವರಿಗಿಂತ ಒಂದಿಷ್ಟು ಹೆಚ್ಚು ಹೊತ್ತು ನಿಂತಿತು. ಇವನಿಗೆ ಗೊತ್ತಿದೆ ಎಂದು ಪ್ರೇಮ್‌ಕುಮಾರನಿಗೆ ಅನಿಸಿತು. ಆದರೆ ಲಕ್ಷ್ಮಿಕಾಂತ ಅವನ ಬಗ್ಗೆ ಏನೂ ಹೇಳಲಿಲ್ಲ. "ನಾನು ಯಾರಿಗೂ ಹೇಳಿಲ್ಲ" ಎಂದ. "ನೀವು ನಂಬಲ್ಲ ಅಂತಲೂ ಗೊತ್ತು. ನಾಳೆ ಬೆಳಿಗ್ಗೆ ನಾನು ಸಿಕ್ ಅಂತ ಹೇಳ್ತೀನಿ. ನೀವ್ಯಾರೂ ಹೇಳ್ಬೇಡಿ. ನಾನೊಬ್ಬನೇ ಹೇಳ್ತೀನಿ. ಕಂಪ್ನಿಯವನು ಆಗಿದ್ರೆ ಹಂಗೆ ಮಾಡ್ತೀನಾ?"

"ಹುಚ್ಚಾ? ಕೆಲ್ಸದಿಂದ ತೆಗೀತಾರೆ" ಎಂದಳು ಶ್ವೇತ.

"ತೆಗೀಲಿ. ಇಲ್ದಿದ್ರೆ ಇರೋವಷ್ಟು ದಿನ ನೀವೆಲ್ಲ ಹಿಂಗೇ ನೋಡ್ತೀರಲ್ಲ." ಅವನು ಎದ್ದು ಚಪ್ಪಲಿ ಹಾಕಿಕೊಂಡು ಹೋದ. ಸದ್ದಾಗದಂತೆ ಬಾಗಿಲು ಮುಚ್ಚಿದ. "ನಾಟಕ" ಎಂದ ಲಿಖಿತ್. ಪ್ರೇಮ್‌ಕುಮಾರ್ ತಲೆಯಾಡಿಸಿದ, ಹೌದೆಂದೋ ಅಲ್ಲವೆಂದೋ ನೋಡಿದವರು ತಿಳಿದುಕೊಳ್ಳಲಿ ಎಂಬಂತೆ. ಹೊರಡುವಾಗ ಶೀಬಾ ಮೆಟ್ಟಿಲವರೆಗೆ ಬಂದು, "ಲಾಯರ್‌ಗೆ ಬೇಕು, ನಿನ್ನ ಲೆಟರ್ ಕಳಿಸು" ಎಂದಳು. "ರಾತ್ರಿ ಕಳಿಸ್ತೀನಿ" ಎಂದ. ಅವಳು ಅವನ ಕಣ್ಣನ್ನೇ ನೋಡುತ್ತ, "ಬೆಳಿಗ್ಗೆಯಿಂದ ನೀನೊಬ್ಬನೇ ಹಾಕಿಲ್ಲ" ಎಂದಳು. ಸುಮ್ಮನೆ ಅಂದದ್ದೋ, ಬೇಕೆಂದು ಅಂದದ್ದೋ? ಇಳಿಯುತ್ತ ಇಳಿಯುತ್ತ ಆ ಒಂದು ಮಾತನ್ನು ಅವನು ಹತ್ತು ದನಿಯಲ್ಲಿ ಅಂದು ನೋಡಿಕೊಂಡ.

ಹಲಸೂರು ಮೆಟ್ರೋ ನಿಲ್ದಾಣದಲ್ಲಿ ಲಕ್ಷ್ಮಿಕಾಂತ ನಿಂತಿದ್ದ. ಹಿಂದಿನ ಗಾಡಿ ತಪ್ಪಿತ್ತೋ, ಬೇಕೆಂದೇ ಬಿಟ್ಟನೋ. ಇಬ್ಬರೂ ಹೋಗಬೇಕಾದದ್ದು ಒಂದೇ ಗೇಟಿಗೆ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಒಂದೇ ಬೋಗಿ ಹತ್ತಿದರು. ಇಂದಿರಾನಗರದಲ್ಲಿ ಶಾಪಿಂಗಿನ ಚೀಲ ಹಿಡಿದವರು ನುಗ್ಗಿ, ಇಬ್ಬರನ್ನೂ ಒತ್ತಟ್ಟಿಗೆ ತಳ್ಳಿ ಭುಜಕ್ಕೆ ಭುಜ ತಾಗಿಸಿದರು. ವಿಮಾನದಲ್ಲಿ ಇಬ್ಬರೂ ಎಂದೂ ಒಟ್ಟಿಗೆ ಕೂತವರಲ್ಲ, ಇಬ್ಬರೂ ಬಲಗಡೆಯವರಾದ್ದರಿಂದ. ಲಕ್ಷ್ಮಿಕಾಂತ ಅವನನ್ನು ಯೂನಿಫಾರ್ಮಿನಲ್ಲಿದ್ದಾಗ 'ಪ್ರೇಮ್' ಎನ್ನುತ್ತಾನೆ, ಮನೆಯ ಹತ್ತಿರ 'ಅಣ್ಣಾ' ಎನ್ನುತ್ತಾನೆ. ಈಗ ಏನೆನ್ನುತ್ತಾನೆ ಎಂದು ಪ್ರೇಮ್‌ಕುಮಾರ್ ಕಾದ.

"ಅಣ್ಣಾ" ಎಂದ ಲಕ್ಷ್ಮಿಕಾಂತ, ಬೈಯಪ್ಪನಹಳ್ಳಿ ದಾಟಿದ ಮೇಲೆ. "ನಿಮಗೂ ಲೆಟರ್ ಬಂದಿಲ್ಲ, ಅಲ್ವಾ?"

ಪ್ರೇಮ್‌ಕುಮಾರ್ ಕಿಟಕಿಯ ಹೊರಗೆ ನೋಡಿದ.

"ನಾಳೆ ನನ್ನ ಫ್ಲೈಟಿಗೆ ಸ್ಟ್ಯಾಂಡ್‌ಬೈ ನೀವೇ. ರೋಸ್ಟರ್‌ನಲ್ಲಿ ಹೆಸರು ಹಂಗೇ ಇದೆ. ಲೆಟರ್ ಬಂದವರದ್ದೆಲ್ಲ ತೆಗ್ದಿದಾರೆ."

"ಮತ್ತೆ ಅಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿ ಏನಾಗ್ಬೇಕು? ಇಬ್ಬರ ಮೇಲೂ ಅನುಮಾನ ಬೀಳೋದು. ನೀವು ಹೆದರ್ಕೊಂಡು ಹಂಗೆ ಬರೆದ್ರಿ ಅಂತ ನನಗೆ ಗೊತ್ತಾಯ್ತು. ನನಗೂ ಹೆದರಿಕೆ ಆಗಿತ್ತು. ನಾನೂ ಬಂದಿದೆ ಅಂತ ಬರೆಯೋಕೆ ಹೋಗಿ ಅಳಿಸ್ದೆ." ಅವನ ದನಿಯಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ. ಅದನ್ನೇ ಪ್ರೇಮ್‌ಕುಮಾರನಿಗೆ ತಡೆಯಲಾಗಲಿಲ್ಲ. ಇದರ ಹಿಂದೆ ಏನೋ ಇದೆ. ಯಾರೂ ಸುಮ್ಮನೆ ಇಷ್ಟು ಒಳ್ಳೆಯವರಾಗಿರುವುದಿಲ್ಲ. ತನ್ನನ್ನು ಋಣದಲ್ಲಿಟ್ಟುಕೊಳ್ಳಲು ನೋಡುತ್ತಿದ್ದಾನೆ. ಅಥವಾ ಮೈಕಿನ ವಿಷಯವೂ ಗೊತ್ತಿದ್ದು, ತಾನಾಗಿ ಬಾಯಿಬಿಡಲಿ ಎಂದು ಕಾಯುತ್ತಿದ್ದಾನೆ. ಹಾಗೆ ಅನಿಸಿದ ಮೇಲೆ ಬಾಯಿಬಿಡದಿರುವುದು ಸುಲಭವಾಯಿತು. ಬೆನ್ನಿಗಾನಹಳ್ಳಿ ಬಂತು, ಕೃಷ್ಣರಾಜಪುರ ಬಂತು. ಮೆಟ್ಟಿಲಿಳಿದು, ತೂಗುಸೇತುವೆಯ ಕೆಳಗಿನ ಗದ್ದಲ ದಾಟಿ, ತಮ್ಮ ಬೀದಿಗೆ ತಿರುಗುವವರೆಗೂ ಪ್ರತಿ ನೂರು ಹೆಜ್ಜೆಗೆ ಒಮ್ಮೆ ಅವನು ಹೇಳಲು ಬಾಯಿ ತೆರೆದ. ಗೇಟಿನ ಹತ್ತಿರ ಅಂತೂ ಹೇಳಿದ: "ನಾಳೆ ಹಂಗೆ ಮಾಡ್ಬೇಡ ಲಕ್ಷ್ಮಿ. ಸುಮ್ನೆ ಡ್ಯೂಟಿಗೆ ಹೋಗು." ಲಕ್ಷ್ಮಿಕಾಂತ ಒಂದು ಕ್ಷಣ ನಿಂತ, ಇನ್ನೇನಾದರೂ ಇದೆಯೇ ಎಂಬಂತೆ. ಇರಲಿಲ್ಲ. "ಬರ್ತೀನಣ್ಣಾ" ಎಂದು ನಾಲ್ಕನೇ ರೂಮಿನೊಳಕ್ಕೆ ಹೋದ.

ಸೋಮವಾರ ಬೆಳಗಿನ ಐದಕ್ಕೆ ಕಂಪನಿಯಿಂದ ಫೋನು ಬಂತು. ಕೂಗಾಟ ಇರಲಿಲ್ಲ, ಬೆದರಿಕೆ ಇರಲಿಲ್ಲ; ಮ್ಯಾನೇಜರೇ ಮಾತಾಡಿದರು, ಬಹಳ ದಿನದ ಸ್ನೇಹಿತನ ಹತ್ತಿರ ಮಾತಾಡುವ ಹಾಗೆ. "ಪ್ರೇಮ್, ಗುಡ್ ಮಾರ್ನಿಂಗ್. ಒಬ್ಬನೇ ಒಬ್ಬ ಸಿಕ್ ಅಂತ ಹೇಳಿದಾನೆ, ನಿಮ್ಮ ಲಕ್ಷ್ಮಿಕಾಂತ. ಅವನ ವಿಷಯ ನಾವು ನೋಡ್ಕೊಳ್ತೀವಿ, ಡಾಕ್ಟರನ್ನ ಕಳಿಸಿದೀವಿ. ಕ್ಯಾಬ್ ಬರ್ತಿದೆ, ನೀವು ಬರ್ತೀರಲ್ವಾ? ನಿಮ್ಮ ಮೇಲೆ ನಮಗೆ ನಂಬಿಕೆ ಇದೆ." ಪ್ರೇಮ್‌ಕುಮಾರನಿಗೆ ಅವಮಾನವಾಗಬೇಕಾಗಿತ್ತು, ಆಯಿತು. ಜೊತೆಗೆ, ನಾಚಿಕೆಪಡುವಷ್ಟು, ಹಿತವೂ ಆಯಿತು. "ಬರ್ತೀನಿ ಸರ್" ಎಂದ. ಕನ್ನಡಿಯ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಕುತ್ತಿಗೆಯ ನರ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಸಂಜೆ ಬಂದು ಶೀಬಾಳಿಗೆ ಎಲ್ಲ ಹೇಳಿಬಿಡುತ್ತೇನೆ. ಅಷ್ಟರಲ್ಲಿ ಲಕ್ಷ್ಮಿಕಾಂತನ ಮೇಲಿನ ಅನುಮಾನ ತಾನಾಗಿ ಹೋಗಿರುತ್ತದೆ, ಆಗ ಹೇಳುವ ಅಗತ್ಯವೂ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಯೋಚಿಸಿದ, ಎರಡನ್ನೂ ನಂಬಿದ.

ಕೆಳಗೆ ನಲ್ಲಿಯ ಹತ್ತಿರ ಅಯ್ಯಮ್ಮ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ನೀರು ತುಂಬಿ ಹರಿದುಹೋಗುತ್ತಿದ್ದರೂ ಅವಳಿಗೆ ಗೊತ್ತಿರಲಿಲ್ಲ. ಗೇಟಿನ ಹೊರಗೆ ಕ್ಯಾಬು ಬಂದು ನಿಂತಿತ್ತು. ಅವನನ್ನು ಕಂಡು ಸೆರಗಿನಿಂದ ಕೈ ಒರೆಸಿಕೊಂಡು ಅಡ್ಡ ಬಂದಳು.

"ಯಪ್ಪಾ, ಅವಗ ಜ್ವರ ಇಲ್ರಿ. ನಾ ಮೈ ಮುಟ್ಟಿ ನೋಡೀನಿ, ತಣ್ಣಗದ. ಹುಟ್ಟಿದಾಗಿಂದ ಒಂದ್ ಸುಳ್ಳ ಹೇಳ್ದಾಂವ ಅಲ್ಲ, ಇವತ್ತ ಫೋನಿನ್ಯಾಗ ಜ್ವರ ಅದ ಅಂತ ಹೇಳ್ಯಾನ. ಈಗ ಡಾಕ್ಟರ್ ಬರ್ತಾನಂತ. ಯಾಕೋ ಹಿಂಗ ಮಾಡ್ದಿ ಅಂದ್ರ, ನಾ ಕಳ್ಳ ಅಲ್ಲ ಅಂತ ತೋರಸಬೇಕಾಗ್ಯಾದ ಅಂತಾನ. ಯಾರ್ರಿ ಅವಗ ಕಳ್ಳ ಅಂದಾರ?"

"ಗೊತ್ತಿಲ್ಲಮ್ಮ" ಎಂದ ಪ್ರೇಮ್‌ಕುಮಾರ್.

"ನೀವು ಒಂದ್ ಮಾತ ಹೇಳ್ರಿ ಆ ಮಂದಿಗಿ. ಸಣ್ಣಾಂವ ಇದ್ದಾಗಿಂದ ನೋಡೀರಿ ಅವನ್ನ. ನಿಮ್ಮ ಮಾತಂದ್ರ ಅವ್ರು ನಂಬ್ತಾರ್ರಿ."

"ಹೇಳ್ತೀನಿ" ಎಂದು ಅವನು ಕ್ಯಾಬು ಹತ್ತಿ ಬಾಗಿಲು ಎಳೆದುಕೊಂಡ. ಡ್ರೈವರ್ ಗಾಡಿ ಎತ್ತಿದ. ತಾನು ಹೇಳಿದ್ದನ್ನು ಅವರು ನಂಬುತ್ತಾರೆ. ಅದೊಂದರಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.